ಡೆಕ್ಸ್‌ನಲ್ಲಿ ಸ್ವಾಪ್: ಕೈಗೆ ಬರುವ ಮೊತ್ತ ದಾರಿಯಲ್ಲೇ ಕರಗದಿರಲು

ಡೆಕ್ಸ್‌ನಲ್ಲಿ, ಅಂದರೆ ಮಧ್ಯವರ್ತಿ ಕಂಪನಿಯಿಲ್ಲದ ವಿನಿಮಯ ತಾಣದಲ್ಲಿ, ಕ್ರಿಪ್ಟೊ ಟೋಕನ್ ಅದಲುಬದಲು (ಸ್ವಾಪ್) ಮಾಡುವವರು ಮೊದಲು ದೂರುವುದು ಗ್ಯಾಸ್ ಶುಲ್ಕವನ್ನು, ಅಂದರೆ ವ್ಯವಹಾರ ನಡೆಸಿಕೊಡಲು ಜಾಲಕ್ಕೆ ಕೊಡುವ ಹಣವನ್ನು. ವ್ಯಾಲೆಟ್ ಪರದೆಯ ಮೇಲೆ ಎದ್ದು ಕಾಣುವ ಖರ್ಚು ಅದೊಂದೇ. ಅಡಿಕೆ ಮಂಡಿಗೆ ಹೋದವರಿಗೆ ಗೊತ್ತು, ಕೂಗಿದ ದರ ಬೇರೆ, ಹಮಾಲಿ, ತೂಕದ ಕೂಲಿ ಎಲ್ಲ ಕಳೆದು ಪಟ್ಟಿಯ ಕೊನೆಗೆ ಉಳಿಯುವ ಮೊತ್ತ ಬೇರೆ. ಡೆಕ್ಸ್ ಪಟ್ಟಿಯಲ್ಲೂ ನಾಲ್ಕು ಕಡಿತಗಳಿವೆ: ಗ್ಯಾಸ್, ಪೂಲ್‌ನ (ಇತರರು ಹೂಡಿಟ್ಟ ಟೋಕನ್‌ಗಳ ರಾಶಿಯ) ಶುಲ್ಕ, ನಿಮ್ಮ ವ್ಯವಹಾರದ ಭಾರಕ್ಕೇ ಬೆಲೆ ಜಗ್ಗುವುದರಿಂದ ಆಗುವ ನಷ್ಟ, ನಡುವೆ ನುಗ್ಗುವ ಬಾಟ್‌ಗಳು (ತಾವಾಗಿಯೇ ವ್ಯಾಪಾರ ಮಾಡುವ ಪ್ರೋಗ್ರಾಂಗಳು) ಕಿತ್ತುಕೊಳ್ಳುವ ಪಾಲು. ಇವುಗಳಲ್ಲಿ ಒಂದನ್ನು ಮಾತ್ರ ಕಡಿಮೆ ಮಾಡಲು ಹೋದರೆ ಇನ್ನೊಂದು ಏರುತ್ತದೆ. ಹಾಗಾಗಿ ಸ್ವಾಪ್ ಪರದೆಯಲ್ಲಿ ಕಣ್ಣಿಡಬೇಕಾದ ಸಾಲು ಒಂದೇ: ಕನಿಷ್ಠ ಎಷ್ಟು ಕೈಸೇರುತ್ತದೆ ಎಂಬುದು.

ಇಲ್ಲಿನ ವಿವರಗಳೆಲ್ಲ ಎಥೀರಿಯಂ ಬ್ಲಾಕ್‌ಚೈನ್ ಮತ್ತು ಅದರ ಮೇಲೆ ಕಟ್ಟಿದ ಎರಡನೇ ಪದರದ ಜಾಲಗಳಿಗೆ ಸಂಬಂಧಿಸಿದವು. ಸೊಲಾನಾ ಬ್ಲಾಕ್‌ಚೈನ್‌ನ ಲೆಕ್ಕಾಚಾರ ಬೇರೆ.

ಪೂಲ್‌ನ ಗಣಿತ

2018ರ ನವೆಂಬರ್‌ನಲ್ಲಿ ಬಂದ ಯೂನಿಸ್ವಾಪ್ ಎಂಬ ಡೆಕ್ಸ್‌ನ ಮೂಲ ಸೂತ್ರ ಸರಳ. ಪೂಲ್‌ನಲ್ಲಿರುವ ಎರಡು ಟೋಕನ್‌ಗಳ ಪ್ರಮಾಣಗಳನ್ನು ಗುಣಿಸಿದರೆ ಬರುವ ಸಂಖ್ಯೆ ಸ್ವಾಪ್‌ನಿಂದ ಕಡಿಮೆಯಾಗುವಂತಿಲ್ಲ. ಒಂದು ಪೂಲ್‌ನಲ್ಲಿ 100 ಈಥರ್ (ಎಥೀರಿಯಂನ ನಾಣ್ಯ), 3,00,000 ಯುಎಸ್‌ಡಿಸಿ (ಒಂದೊಂದು ಡಾಲರಿಗೆ ಸಮನಾದ ಟೋಕನ್) ಇದೆ ಅಂದುಕೊಳ್ಳಿ. ಅಲ್ಲಿಗೆ ಒಂದು ಈಥರ್‌ನ ದರ 3,000. ಪೂಲ್ ಶುಲ್ಕ 0.3%.

1 ಈಥರ್ ಮಾರಿದರೆ ಸಿಗುವುದು ಸುಮಾರು 2,961 ಯುಎಸ್‌ಡಿಸಿ. ಹೋದ 39ರಲ್ಲಿ ಶುಲ್ಕ 9 ಮಾತ್ರ, ಮಿಕ್ಕಿದ್ದು ಬೆಲೆ ಜಗ್ಗಿದ್ದರಿಂದ. ಅದೇ ಪೂಲ್‌ಗೆ ಒಮ್ಮೆಗೇ 10 ಈಥರ್ ಸುರಿದರೆ 30,000ದ ಬದಲು ಸಿಗುವುದು ಸುಮಾರು 27,198. ಅಂದರೆ ಶೇ 9ಕ್ಕಿಂತ ಹೆಚ್ಚು ಖೋತಾ. ಗ್ಯಾಸ್‌ನಲ್ಲಿ ಐವತ್ತು ರೂಪಾಯಿ ಉಳಿಸಲು ಮಧ್ಯರಾತ್ರಿಯವರೆಗೆ ಎಚ್ಚರವಿದ್ದವರು ಇಲ್ಲಿ ಲಕ್ಷ ರೂಪಾಯಿಗೂ ಮೀರಿ ಬಿಟ್ಟುಕೊಟ್ಟಿರುತ್ತಾರೆ.

"ಹತ್ತು ಸಲ ಒಂದೊಂದೇ ಮಾರಿದರೆ?" ಬೆನ್ನುಬೆನ್ನಿಗೆ ಅದೇ ಪೂಲ್‌ನಲ್ಲಿ ಮಾರಿದರೆ ಏನೂ ಲಾಭವಿಲ್ಲ. ಸೂತ್ರಕ್ಕೆ ನೀವು ಒಂದೇ ಜಿಗಿತದಲ್ಲಿ ಬಂದಿರೋ ಹತ್ತು ಹೆಜ್ಜೆಯಲ್ಲಿ ಬಂದಿರೋ ಹೆಚ್ಚುಕಡಿಮೆ ಒಂದೇ, ಗ್ಯಾಸ್ ಮಾತ್ರ ಹತ್ತು ಪಟ್ಟು. ಎರಡು ಮಾರಾಟಗಳ ನಡುವೆ ಬೇರೆ ಪೂಲ್‌ಗಳಲ್ಲಿನ ದರ ನೋಡಿ ವ್ಯಾಪಾರಿಗಳು ಬಂದು ಈ ಪೂಲ್‌ನ ಬೆಲೆಯನ್ನು ಸರಿದೂಗಿಸುವಷ್ಟು ಹೊತ್ತು ಬಿಟ್ಟರೆ ಪ್ರಯೋಜನವುಂಟು. ಅದಕ್ಕಿಂತ ಸುಲಭದ ದಾರಿ, ಒಂದೇ ಆರ್ಡರನ್ನು ಹಲವು ಪೂಲ್‌ಗಳಿಗೆ ಹಂಚುವ ಅಗ್ರಿಗೇಟರ್ ಬಳಸುವುದು. ವನ್‌ಇಂಚ್, ಕೌ ಸ್ವಾಪ್ ಆ ಬಗೆಯವು.

2021ರ ಮೇನಲ್ಲಿ ಬಂದ ಯೂನಿಸ್ವಾಪ್‌ನ ಮೂರನೇ ಆವೃತ್ತಿಯಲ್ಲಿ ಹಣ ಹೂಡಿದವರು ಅದನ್ನು ನಿರ್ದಿಷ್ಟ ಬೆಲೆಯ ಮಿತಿಗಳ ನಡುವೆ ಮಾತ್ರ ಇಡಬಹುದು. ಹಾಗಾಗಿ ಈಥರ್–ಯುಎಸ್‌ಡಿಸಿಯಂಥ ದೊಡ್ಡ ಜೋಡಿಗಳಲ್ಲಿ ಜಗ್ಗುವಿಕೆ ಮೇಲಿನ ಲೆಕ್ಕಕ್ಕಿಂತ ಬಹಳ ಕಡಿಮೆ. ಅಲ್ಲಿ ಒಂದೇ ಜೋಡಿಗೆ 0.01%, 0.05%, 0.3%, 1% ಶುಲ್ಕದ ಬೇರೆ ಬೇರೆ ಪೂಲ್‌ಗಳು ಇರಬಹುದು. ಕಡಿಮೆ ಶುಲ್ಕದ ಪೂಲ್‌ನಲ್ಲೇ ಒಳ್ಳೆಯ ದರ ಸಿಗುತ್ತದೆಂದು ನಂಬಬೇಡಿ. ಅದು ಬಡಕಲಾಗಿದ್ದರೆ 0.3%ರ ಪೂಲೇ ಲೇಸು.

ಗ್ಯಾಸ್: ಏನನ್ನು ಬದಲಾಯಿಸಬಹುದು, ಏನನ್ನು ಆಗದು

ಗ್ಯಾಸ್ ಖರ್ಚು ಎರಡು ಸಂಖ್ಯೆಗಳ ಗುಣಲಬ್ಧ. ಕೆಲಸದ ಪ್ರಮಾಣ ಒಂದು, ಆ ಕ್ಷಣದ ದರ ಇನ್ನೊಂದು. ಈಥರನ್ನು ಸುಮ್ಮನೆ ಒಂದು ವ್ಯಾಲೆಟ್‌ನಿಂದ ಇನ್ನೊಂದಕ್ಕೆ ಕಳಿಸಲು 21,000 ಘಟಕ ಬೇಕು. ಒಂದು ಪೂಲ್‌ನ ಮೂಲಕ ಸ್ವಾಪ್‌ಗೆ ಅಂದಾಜು 1,20,000ದಿಂದ 2,00,000. ಮೂರು ಪೂಲ್ ಸುತ್ತಿ ಹೋದರೆ ಅದಕ್ಕೂ ಹೆಚ್ಚು. ದರವನ್ನು ಗ್ವೇಯಲ್ಲಿ ಹೇಳುತ್ತಾರೆ, ಒಂದು ಈಥರ್ ಎಂದರೆ ನೂರು ಕೋಟಿ ಗ್ವೇ. 1,50,000 ಘಟಕದ ಸ್ವಾಪ್‌ಗೆ 2 ಗ್ವೇ ದರದಲ್ಲಿ 0.0003 ಈಥರ್, 30 ಗ್ವೇಯಲ್ಲಿ 0.0045 ಈಥರ್. ಈಥರ್ ಬೆಲೆ ₹2,50,000 ಎಂದು ಹಿಡಿದರೆ ಮೊದಲನೆಯದು ₹75, ಎರಡನೆಯದು ₹1,125. ಕೆಲಸ ಅದೇ.

2021ರ ಆಗಸ್ಟ್‌ನ ಲಂಡನ್ ಪರಿಷ್ಕರಣೆಯ ನಂತರ ದರದಲ್ಲಿ ಎರಡು ಭಾಗಗಳಿವೆ. ಮೂಲ ದರವನ್ನು ಜಾಲವೇ ನಿಗದಿ ಮಾಡುತ್ತದೆ, ಆ ಹಣ ಸುಟ್ಟುಹೋಗುತ್ತದೆ. ಮೇಲಿನ ಟಿಪ್ ಬ್ಲಾಕ್ (ವ್ಯವಹಾರಗಳ ಕಂತೆ) ಕಟ್ಟುವವರಿಗೆ. ಒಂದು ಬ್ಲಾಕ್‌ನಿಂದ ಮುಂದಿನದಕ್ಕೆ ಮೂಲ ದರ 12.5%ಕ್ಕಿಂತ ಹೆಚ್ಚು ಏರಲಾರದು. ಹಾಗಾಗಿ ವ್ಯಾಲೆಟ್‌ನಲ್ಲಿ ಗರಿಷ್ಠ ಶುಲ್ಕವನ್ನು ಈಗಿನ ಮೂಲ ದರದ ಎರಡು ಪಟ್ಟಿಗೆ ಇಟ್ಟರೆ ಸತತ ಐದಾರು ತುಂಬಿದ ಬ್ಲಾಕ್‌ಗಳು ಬಂದರೂ ನಿಮ್ಮ ವ್ಯವಹಾರ ಹೊರಗೆ ಬೀಳುವುದಿಲ್ಲ. ಬಳಕೆಯಾಗದ ಭಾಗವನ್ನು ವಸೂಲು ಮಾಡುವುದೇ ಇಲ್ಲ. ಆದ್ದರಿಂದ ಜಿಪುಣತನ ತೋರಿಸಬೇಕಾದದ್ದು ಟಿಪ್‌ನಲ್ಲಿ, ಗರಿಷ್ಠ ಮಿತಿಯಲ್ಲಲ್ಲ. ಮಿತಿಯನ್ನು ತೀರಾ ಕೆಳಗಿಟ್ಟವರದ್ದೇ ಗಂಟೆಗಟ್ಟಲೆ ನೇತಾಡುವುದು.

ಸಮಯದ ಮಾತು: ಅಮೆರಿಕದ ಷೇರು ಮಾರುಕಟ್ಟೆ ತೆರೆಯುವುದು ನಮ್ಮ ಸಂಜೆ 7 ಅಥವಾ 8 ಗಂಟೆಗೆ. ಅಲ್ಲಿಂದ ಮುಂದೆ ಜಾಲದಲ್ಲಿ ಸಾಮಾನ್ಯವಾಗಿ ದಟ್ಟಣೆ. ನಮ್ಮ ಬೆಳಗಿನ ಹೊತ್ತು ಮತ್ತು ವಾರಾಂತ್ಯ ಬಹುಮಟ್ಟಿಗೆ ಅಗ್ಗ. ಬೆಲೆಗಳು ಕುಸಿಯುತ್ತಿರುವ ದಿನ ಯಾವ ಹೊತ್ತೂ ಅಗ್ಗವಲ್ಲ.

ಎರಡನೇ ಪದರಕ್ಕೆ ಸರಿಯಿರಿ

ಲಕ್ಷದೊಳಗಿನ ಸ್ವಾಪ್‌ಗಳಿಗೆ ಮುಖ್ಯ ಎಥೀರಿಯಂ ಜಾಲದ ಗೊಡವೆಯೇ ಬೇಡ. ಆರ್ಬಿಟ್ರಮ್ ಒನ್, ಬೇಸ್, ಆಪ್ಟಿಮಿಸಂ ಸಾಕು. 2024ರ ಮಾರ್ಚ್ 13ರ ಡೆನ್‌ಕುನ್ ಪರಿಷ್ಕರಣೆ ಈ ಜಾಲಗಳಿಗೆ ತಮ್ಮ ದತ್ತಾಂಶ ಇಡಲು ಪ್ರತ್ಯೇಕ ಅಗ್ಗದ ಜಾಗ ಕೊಟ್ಟ ಮೇಲೆ ಸಾಮಾನ್ಯ ದಿನಗಳಲ್ಲಿ ಒಂದು ಸ್ವಾಪ್ ಕೆಲವೇ ರೂಪಾಯಿಗಳಲ್ಲಿ ಮುಗಿಯುತ್ತದೆ. ವೇಗವೂ ಹೆಚ್ಚು. ಮುಖ್ಯ ಜಾಲದಲ್ಲಿ 12 ಸೆಕೆಂಡಿಗೊಂದು ಬ್ಲಾಕ್ ಆದರೆ ಬೇಸ್‌ನಲ್ಲಿ 2 ಸೆಕೆಂಡಿಗೊಂದು, ಆರ್ಬಿಟ್ರಮ್‌ನಲ್ಲಿ ಸುಮಾರು ಕಾಲು ಸೆಕೆಂಡಿಗೊಂದು.

ಅಲ್ಲಿಗೆ ತಲುಪುವುದರಲ್ಲಿ ಮೂರು ಕಡೆ ಎಡವುತ್ತಾರೆ.

ಮೊದಲನೆಯದು ಗ್ಯಾಸ್‌ಗೆ ಈಥರ್ ಇಲ್ಲದಿರುವುದು. ಯುಎಸ್‌ಡಿಸಿ ಮಾತ್ರ ಸಾಗಿಸಿಕೊಂಡು ಹೋದರೆ ಆ ಜಾಲದಲ್ಲಿ ಒಂದು ಹೆಜ್ಜೆಯೂ ಇಡಲಾಗದು. ಇನ್ನೂರು ಮುನ್ನೂರು ರೂಪಾಯಿಯ ಈಥರ್ ಮೊದಲೇ ಕಳಿಸಿ.

ಎರಡನೆಯದು ಟೋಕನ್‌ನ ನಕಲು ಮತ್ತು ಹಳೆಯ ರೂಪ. ಆರ್ಬಿಟ್ರಮ್‌ನಲ್ಲಿ ಸರ್ಕಲ್ ಕಂಪನಿಯೇ ನೀಡುವ ಯುಎಸ್‌ಡಿಸಿ ಬಂದದ್ದು 2023ರ ಜೂನ್‌ನಲ್ಲಿ. ಅದಕ್ಕೂ ಮುಂಚಿನ, ಬ್ರಿಡ್ಜ್ (ಒಂದು ಜಾಲದಿಂದ ಇನ್ನೊಂದಕ್ಕೆ ಟೋಕನ್ ದಾಟಿಸುವ ಸೇವೆ) ಮೂಲಕ ಬಂದ ಟೋಕನ್ ಹೆಸರಿನ ಕೊನೆಗೆ ಒಂದು ಚುಕ್ಕಿ ಮತ್ತು "ಇ" ಅಂಟಿಕೊಂಡಿದೆ. ಎರಡೂ ಬೇರೆ ಕಾಂಟ್ರಾಕ್ಟ್‌ಗಳು, ಅಂದರೆ ಬ್ಲಾಕ್‌ಚೈನ್ ಮೇಲಿನ ಬೇರೆ ಬೇರೆ ಪ್ರೋಗ್ರಾಂಗಳು. ಕಂಪನಿ ನಡೆಸುವ ವಿನಿಮಯ ಕೇಂದ್ರಕ್ಕೆ ತಪ್ಪಾದದ್ದನ್ನು ಕಳಿಸಿದರೆ ಖಾತೆಗೆ ಜಮೆಯಾಗದೆ ಉಳಿಯಬಹುದು.

ಮೂರನೆಯದು ಮರಳುವ ದಾರಿ. ಆರ್ಬಿಟ್ರಮ್, ಬೇಸ್, ಆಪ್ಟಿಮಿಸಂಗಳ ಅಧಿಕೃತ ಬ್ರಿಡ್ಜ್‌ನಲ್ಲಿ ಒಳಗೆ ಹೋಗಲು ನಿಮಿಷಗಳು ಸಾಕು, ಮುಖ್ಯ ಜಾಲಕ್ಕೆ ವಾಪಸ್ ಬರಲು ಸುಮಾರು 7 ದಿನ. ಅದು ದೋಷವಲ್ಲ. ಮೋಸದ ಲೆಕ್ಕವನ್ನು ಯಾರಾದರೂ ಪ್ರಶ್ನಿಸಲಿ ಎಂದೇ ಇಟ್ಟ ಗಡುವು. ತುರ್ತಿದ್ದರೆ ಅಕ್ರಾಸ್‌ನಂಥ ಮೂರನೆಯವರ ಬ್ರಿಡ್ಜ್ ನಿಮಿಷಗಳಲ್ಲಿ ಮುಗಿಸುತ್ತದೆ, ಶುಲ್ಕ ಬೇರೆ. ಬ್ರಿಡ್ಜ್‌ಗಳು ಕಳ್ಳರಿಗೆ ಪ್ರಿಯವಾದ ಜಾಗ ಎಂಬುದು ನೆನಪಿರಲಿ: 2022ರ ಫೆಬ್ರವರಿಯಲ್ಲಿ ವರ್ಮ್‌ಹೋಲ್, ಮಾರ್ಚ್‌ನಲ್ಲಿ ರೋನಿನ್, ಆಗಸ್ಟ್‌ನಲ್ಲಿ ನೋಮಾಡ್, ಒಂದೇ ವರ್ಷದಲ್ಲಿ ಮೂರೂ ಸೇರಿ ನೂರು ಕೋಟಿ ಡಾಲರಿಗೂ ಹೆಚ್ಚು ಹೋಯಿತು. ಬ್ರಿಡ್ಜ್ ಮೂಲಕ ದಾಟಿ, ಅದರ ಮೇಲೆ ಕೂರಬೇಡಿ.

ಎಷ್ಟೋ ಸಲ ಬ್ರಿಡ್ಜೇ ಬೇಕಾಗುವುದಿಲ್ಲ. ಟೋಕನ್ ಕೊಂಡ ವಿನಿಮಯ ಕೇಂದ್ರದಿಂದ ನೇರವಾಗಿ ಆರ್ಬಿಟ್ರಮ್‌ಗೋ ಬೇಸ್‌ಗೋ ಹಿಂಪಡೆಯುವ ಸೌಲಭ್ಯವಿದ್ದರೆ ಅದೇ ಅಗ್ಗ. ಹೊರಗಿನ ವ್ಯಾಲೆಟ್‌ಗೆ ಕಳಿಸಲು ಬಿಡುತ್ತಾರೆಯೇ ಎಂಬುದನ್ನು ರೂಪಾಯಿ ಹಾಕುವ ಮೊದಲೇ ನೋಡಿಕೊಳ್ಳಿ.

ಸ್ಲಿಪೇಜ್ ಮತ್ತು ಸ್ಯಾಂಡ್‌ವಿಚ್

ಸ್ಲಿಪೇಜ್ ಎಂದರೆ ನೀವು ಒಪ್ಪಿ ಸಹಿ ಹಾಕುವ ನಷ್ಟದ ಮಿತಿ. 3,000 ಯುಎಸ್‌ಡಿಸಿ ಸ್ವಾಪ್‌ಗೆ 0.5% ಇಟ್ಟರೆ 15 ಡಾಲರ್‌ವರೆಗೆ ಹೋದರೂ ಸರಿ ಎಂದಂತೆ. 5% ಇಟ್ಟರೆ 150.

ಮುಖ್ಯ ಜಾಲದಲ್ಲಿ ನಿಮ್ಮ ವ್ಯವಹಾರ ಬ್ಲಾಕ್ ಸೇರುವ ಮೊದಲು ಮೆಂಪೂಲ್ ಎಂಬ ಬಯಲಿನಲ್ಲಿ ಕಾಯುತ್ತದೆ, ಎಲ್ಲರಿಗೂ ಕಾಣುತ್ತದೆ. ಬಾಟ್ ಅದನ್ನು ನೋಡಿ ನಿಮಗಿಂತ ಮೊದಲು ಕೊಂಡು ಬೆಲೆ ಏರಿಸುತ್ತದೆ. ನೀವು ನಿಮ್ಮ ಮಿತಿಯ ಅಂಚಿನವರೆಗಿನ ದುಬಾರಿ ಬೆಲೆಗೆ ಕೊಳ್ಳುತ್ತೀರಿ. ನಿಮ್ಮ ಹಿಂದೆಯೇ ಅದು ಮಾರುತ್ತದೆ. ಇದೇ ಸ್ಯಾಂಡ್‌ವಿಚ್. 2025ರ ಮಾರ್ಚ್ 12ರಂದು ಯಾರೋ ಸುಮಾರು 2.2 ಲಕ್ಷ ಯುಎಸ್‌ಡಿಸಿ ಕೊಟ್ಟು ಯುಎಸ್‌ಡಿಟಿ ಪಡೆಯಲು ಹೋಗಿ, ಇಂಥ ದಾಳಿಗೆ ಸಿಕ್ಕಿ ಪಡೆದದ್ದು ಐದು ಸಾವಿರದಷ್ಟು ಮಾತ್ರ. ಎರಡೂ ಒಂದೊಂದು ಡಾಲರಿನ ಟೋಕನ್‌ಗಳೇ. ಕನಿಷ್ಠ ಮೊತ್ತದ ಸಾಲು ಸರಿಯಾಗಿದ್ದಿದ್ದರೆ ಆ ವ್ಯವಹಾರ ರದ್ದಾಗಿ ಗ್ಯಾಸ್ ಮಾತ್ರ ಹೋಗುತ್ತಿತ್ತು.

ಮಿತಿ ಎಷ್ಟಿರಬೇಕು? ಡಾಲರ್ ಟೋಕನ್‌ಗಳ ನಡುವೆ 0.05ರಿಂದ 0.1%. ಈಥರ್–ಯುಎಸ್‌ಡಿಸಿಯಂಥ ಆಳದ ಜೋಡಿಗೆ 0.1ರಿಂದ 0.5%. ಸಣ್ಣ ಟೋಕನ್‌ಗಳಿಗೆ 1 ಅಥವಾ 2% ಬೇಕಾಗಬಹುದು. "10% ಇಟ್ಟರೆ ಮಾತ್ರ ಸ್ವಾಪ್ ಆಗುತ್ತದೆ" ಎನ್ನುವ ಟೋಕನ್ ಕಂಡರೆ ಅದರ ಕಾಂಟ್ರಾಕ್ಟ್ ಪ್ರತಿ ವರ್ಗಾವಣೆಗೂ ಕಡಿತ ಮಾಡುತ್ತಿರುವ ಸಾಧ್ಯತೆ ಹೆಚ್ಚು, ಅಲ್ಲಿಂದ ಎದ್ದುಬನ್ನಿ. ಗಡುವನ್ನೂ 10 ನಿಮಿಷದೊಳಗೆ ಇಡಿ. ನೇತಾಡುತ್ತಿರುವ ವ್ಯವಹಾರದ ಕನಿಷ್ಠ ಮೊತ್ತ ಹಳೆಯ ಬೆಲೆಯದ್ದು. ಮಾರುಕಟ್ಟೆ ನಿಮ್ಮ ಪರವಾಗಿ ಚಲಿಸಿದರೆ ಆ ವ್ಯತ್ಯಾಸ ಬಾಟ್ ಪಾಲು.

ಮಿತಿಯನ್ನು ತೀರಾ ಬಿಗಿ ಮಾಡಿದರೆ ಇನ್ನೊಂದು ಪೇಚು: ವ್ಯವಹಾರ ವಿಫಲವಾದರೂ ಬಯಲು ಮೆಂಪೂಲ್‌ನಲ್ಲಿ ಗ್ಯಾಸ್ ಕೊಡಲೇಬೇಕು. ಈ ಎರಡನ್ನೂ ಒಟ್ಟಿಗೆ ಬಿಡಿಸುವ ಉಪಾಯ ಖಾಸಗಿ ಆರ್‌ಪಿಸಿ, ಅಂದರೆ ವ್ಯಾಲೆಟ್ ಜಾಲವನ್ನು ಮುಟ್ಟುವ ಖಾಸಗಿ ಬಾಗಿಲು. ಮೆಟಾಮಾಸ್ಕ್ ವ್ಯಾಲೆಟ್‌ನ ನೆಟ್‌ವರ್ಕ್ ಸೆಟ್ಟಿಂಗ್ಸ್‌ಗೆ ಹೋಗಿ ಎಥೀರಿಯಂನ ಆರ್‌ಪಿಸಿ ವಿಳಾಸದ ಜಾಗದಲ್ಲಿ ಫ್ಲ್ಯಾಶ್‌ಬಾಟ್ಸ್ ಪ್ರೊಟೆಕ್ಟ್ ಅಥವಾ ಎಂಇವಿ ಬ್ಲಾಕರ್‌ನ ವಿಳಾಸ ಸೇರಿಸಿ. ಆ ವಿಳಾಸವನ್ನು ಅವರವರ ಅಧಿಕೃತ ದಾಖಲೆ ಪುಟದಿಂದಲೇ ತೆಗೆದುಕೊಳ್ಳಿ, ಟೆಲಿಗ್ರಾಂ ಗುಂಪಿನಿಂದಲ್ಲ. ಇವು ನಿಮ್ಮ ವ್ಯವಹಾರವನ್ನು ಬಯಲಿಗೆ ಹಾಕದೆ ಬ್ಲಾಕ್ ಕಟ್ಟುವವರಿಗೆ ನೇರವಾಗಿ ತಲುಪಿಸುತ್ತವೆ. ವಿಫಲವಾಗುವಂಥದ್ದನ್ನು ಬ್ಲಾಕ್‌ಗೆ ಸೇರಿಸದ ಆಯ್ಕೆಯ ವಿಳಾಸವನ್ನೇ ಆರಿಸಿಕೊಂಡರೆ ಗ್ಯಾಸ್ ಹೋಗುವುದಿಲ್ಲ. ಆಗ ಸ್ಲಿಪೇಜನ್ನು ಧೈರ್ಯವಾಗಿ 0.1%ಕ್ಕೆ ಇಳಿಸಬಹುದು. ಒಂದು ಸೂಚನೆ: ಹೀಗೆ ಕಳಿಸಿದ್ದು, ಜಾಲದ ವ್ಯವಹಾರಗಳನ್ನು ತೋರಿಸುವ ಇಥರ್‌ಸ್ಕ್ಯಾನ್ ತಾಣದಲ್ಲಿ ಬಾಕಿ ಎಂದೂ ತೋರಿಸದೆ ಇರಬಹುದು. ಗಾಬರಿಬಿದ್ದು ಎರಡನೇ ಸಲ ಕಳಿಸಬೇಡಿ.

ಕೌ ಸ್ವಾಪ್‌ನ ದಾರಿ ಬೇರೆ. ಅಲ್ಲಿ ನೀವು ಕಳಿಸುವುದು ವ್ಯವಹಾರವನ್ನಲ್ಲ, "ಇಷ್ಟಕ್ಕಿಂತ ಕಡಿಮೆ ಬೇಡ" ಎಂದು ಸಹಿ ಹಾಕಿದ ಆರ್ಡರನ್ನು. ಸಾಲ್ವರ್‌ಗಳು, ಅಂದರೆ ಆರ್ಡರ್ ಪೂರೈಸಿಕೊಡುವವರು, ಪೈಪೋಟಿ ನಡೆಸಿ, ಹಲವರ ಆರ್ಡರ್‌ಗಳನ್ನು ಒಟ್ಟಿಗೆ ಹಾಕಿ, ಹೊಂದುವವನ್ನು ಪರಸ್ಪರ ಕೂಡಿಸಿ ಮುಗಿಸುತ್ತಾರೆ. ಶುಲ್ಕ ಮಾರುವ ಟೋಕನ್‌ನಲ್ಲೇ ಕಡಿತವಾಗುತ್ತದೆ, ಆರ್ಡರ್ ಪೂರೈಸದಿದ್ದರೆ ಖರ್ಚಿಲ್ಲ. ವೇಗ ಮಾತ್ರ ನೇರ ಸ್ವಾಪ್‌ಗಿಂತ ನಿಧಾನ. ಮುಖ್ಯ ಜಾಲದಲ್ಲಿ ದೊಡ್ಡ ಮೊತ್ತಕ್ಕೆ ಇದೇ ನಮ್ಮ ಮೊದಲ ಆಯ್ಕೆ.

ಆರ್ಬಿಟ್ರಮ್, ಬೇಸ್‌ಗಳಲ್ಲಿ ಬಯಲು ಮೆಂಪೂಲ್ ಇಲ್ಲ, ಹಾಗಾಗಿ ಸ್ಯಾಂಡ್‌ವಿಚ್ ಬಹಳ ಕಷ್ಟ. ಸ್ಲಿಪೇಜ್ ಮಿತಿ ಮಾತ್ರ ಅಲ್ಲೂ ಬೇಕು, ಏಕೆಂದರೆ ಬೆಲೆ ತಾನಾಗಿಯೇ ಓಡಬಹುದು.

ಹಣ ನಿಜವಾಗಿ ಹೋಗುವುದು ಸಹಿಯಲ್ಲಿ

ಡೆಕ್ಸ್‌ನ ಕಾಂಟ್ರಾಕ್ಟನ್ನು ಯಾರೋ ಒಡೆದರು ಎಂಬುದಕ್ಕಿಂತ, ಬಳಸುವವರೇ ಓದದೆ ಸಹಿ ಹಾಕಿದರು ಎಂಬ ಪ್ರಕರಣಗಳೇ ಸಾಮಾನ್ಯ ಬಳಕೆದಾರರಿಗೆ ಹೆಚ್ಚು ಹತ್ತಿರದ ಅಪಾಯ. ಮೂರು ಬಗೆಯ ಸಹಿಗಳನ್ನು ಬೇರೆ ಮಾಡಿ ಗುರುತಿಸಲು ಬರಬೇಕು.

ಅಪ್ರೂವಲ್ ಎಂದರೆ "ಈ ಕಾಂಟ್ರಾಕ್ಟ್ ನನ್ನ ಈ ಟೋಕನನ್ನು ಇಷ್ಟರವರೆಗೆ ತೆಗೆದುಕೊಳ್ಳಬಹುದು" ಎಂಬ ಅನುಮತಿ. ಅನೇಕ ತಾಣಗಳು ಕೇಳುವುದು ಮಿತಿಯಿಲ್ಲದ ಅನುಮತಿ. ಮೆಟಾಮಾಸ್ಕ್ ಆ ಸಂಖ್ಯೆಯನ್ನು ತಿದ್ದಲು ಬಿಡುತ್ತದೆ, ಈ ಸ್ವಾಪ್‌ಗೆ ಬೇಕಾದಷ್ಟನ್ನೇ ಬರೆಯಿರಿ. ಪ್ರತಿ ಸಲ ಸುಮಾರು 46,000 ಘಟಕ ಗ್ಯಾಸ್ ಖರ್ಚಾಗುತ್ತದೆ ನಿಜ, ಎರಡನೇ ಪದರದಲ್ಲಿ ಅದು ಲೆಕ್ಕಕ್ಕಿಲ್ಲ. ತಾಣದಿಂದ ವ್ಯಾಲೆಟನ್ನು ಡಿಸ್‌ಕನೆಕ್ಟ್ ಮಾಡಿದರೆ ಅನುಮತಿ ಹೋಯಿತು ಎಂದುಕೊಂಡವರು ಬಹಳ. ಹೋಗುವುದಿಲ್ಲ. ಅನುಮತಿ ಬ್ಲಾಕ್‌ಚೈನ್‌ನಲ್ಲಿ ಬರೆದಿರುತ್ತದೆ, ಅಳಿಸಲು ಇನ್ನೊಂದು ವ್ಯವಹಾರವೇ ಬೇಕು. ರಿವೋಕ್ ಡಾಟ್ ಕ್ಯಾಶ್ ಅಥವಾ ಇಥರ್‌ಸ್ಕ್ಯಾನ್‌ನ ಅಪ್ರೂವಲ್ ಪರಿಶೀಲನೆ ಪುಟದಲ್ಲಿ ತಿಂಗಳಿಗೊಮ್ಮೆ ನೋಡಿ ಬೇಡದ್ದನ್ನು ರದ್ದು ಮಾಡಿ. ಪ್ರತಿ ಜಾಲಕ್ಕೂ ಬೇರೆ ಬೇರೆಯಾಗಿ ನೋಡಬೇಕು.

ಪರ್ಮಿಟ್ ಹೆಚ್ಚು ಅಪಾಯಕಾರಿ. ಇದು ಗ್ಯಾಸ್ ಇಲ್ಲದ ಬರಿಯ ಸಹಿ, ಆದರೆ ಅಪ್ರೂವಲ್‌ನಷ್ಟೇ ಬಲ. "ಗ್ಯಾಸ್ ಕೇಳುತ್ತಿಲ್ಲವಲ್ಲ, ಲಾಗಿನ್ ಇರಬೇಕು" ಎಂದು ಒತ್ತಿದವರ ಟೋಕನ್ ನಿಮಿಷದಲ್ಲಿ ಖಾಲಿ. ಸಹಿ ಪರದೆಯಲ್ಲಿ ಸ್ಪೆಂಡರ್, ಮೊತ್ತ, ಗಡುವು ಎಂಬ ಸಾಲುಗಳು ಕಂಡರೆ ಅದು ಲಾಗಿನ್ ಅಲ್ಲ, ಹಣದ ಅನುಮತಿ.

ಮೂರನೆಯದು 2025ರ ಮೇ 7ರ ಪೆಕ್ಟ್ರಾ ಪರಿಷ್ಕರಣೆಯೊಂದಿಗೆ ಬಂದದ್ದು: ಸಾಮಾನ್ಯ ವ್ಯಾಲೆಟ್ ತನ್ನ ಅಧಿಕಾರವನ್ನು ಒಂದು ಕಾಂಟ್ರಾಕ್ಟ್‌ಗೆ ವಹಿಸಬಹುದು. ಅಪ್ರೂವಲ್ ಮತ್ತು ಸ್ವಾಪ್ ಎರಡನ್ನೂ ಒಂದೇ ಕ್ಲಿಕ್‌ನಲ್ಲಿ ಮುಗಿಸಲು ಅನುಕೂಲ. ಆದರೆ ಕಳ್ಳ ಕಾಂಟ್ರಾಕ್ಟ್‌ಗೆ ವಹಿಸಿದರೆ ವ್ಯಾಲೆಟ್ಟೇ ಅವರದಾಯಿತು. ವ್ಯಾಲೆಟ್ ಆ್ಯಪ್ ತಾನಾಗಿ ಕೇಳಿದ್ದಲ್ಲದೆ ಯಾವುದೋ ವೆಬ್‌ಸೈಟ್ ಇದನ್ನು ಕೇಳಿದರೆ ತಿರಸ್ಕರಿಸಿ.

ಹಾರ್ಡ್‌ವೇರ್ ವ್ಯಾಲೆಟ್ (ಕೀಲಿಯನ್ನು ತನ್ನೊಳಗೇ ಇಟ್ಟುಕೊಳ್ಳುವ ಸಾಧನ) ಇದ್ದರೆ ಒಳ್ಳೆಯದು, ಅದರ ಪುಟ್ಟ ಪರದೆಯನ್ನು ಓದುವವರಿಗೆ ಮಾತ್ರ. 2024ರ ಜುಲೈ 18ರಂದು ಭಾರತದ ವಜೀರ್‌ಎಕ್ಸ್ ವಿನಿಮಯ ಕೇಂದ್ರದಿಂದ ಸುಮಾರು 23 ಕೋಟಿ ಡಾಲರ್ ಹೋದಾಗ ಕಂಪನಿ ಕೊಟ್ಟ ವಿವರಣೆ, ಪರದೆಯಲ್ಲಿ ಕಂಡದ್ದೇ ಒಂದು, ಸಹಿಯಾದದ್ದೇ ಇನ್ನೊಂದು ಎಂಬುದು. 2025ರ ಫೆಬ್ರವರಿ 21ರ ಬೈಬಿಟ್ ವಿನಿಮಯ ಕೇಂದ್ರದ ಪ್ರಕರಣದಲ್ಲಿ ಸುಮಾರು 150 ಕೋಟಿ ಡಾಲರ್ ಹೋದದ್ದೂ ತಿರುಚಿದ ಪರದೆಯನ್ನು ನಂಬಿ ಹಾಕಿದ ಸಹಿಗಳಿಂದ. ಹಲವರ ಸಹಿ ಬೇಕಿದ್ದ ವ್ಯಾಲೆಟ್‌ಗಳ ಗತಿಯೇ ಇದು.

ಒಬ್ಬರಿಗೆ ಸಾಕಾಗುವ ಏರ್ಪಾಡು ಹೀಗಿರಲಿ. ಉಳಿತಾಯದ ವ್ಯಾಲೆಟ್ ಹಾರ್ಡ್‌ವೇರ್‌ನಲ್ಲಿ, ಅದು ಯಾವ ಡೆಕ್ಸ್‌ಗೂ ಕನೆಕ್ಟ್ ಆಗಕೂಡದು. ವಹಿವಾಟಿನ ವ್ಯಾಲೆಟ್ ಬೇರೆ ಬೀಜವಾಕ್ಯದ್ದು (ವ್ಯಾಲೆಟ್‌ನ ಮೂಲ ಕೀಲಿಯಾದ ಪದಗಳ ಸಾಲು), ಅದರಲ್ಲಿ ಕಳೆದರೂ ನಿದ್ದೆ ಕೆಡದಷ್ಟು ಮೊತ್ತ. ಒಂದೇ ಬೀಜವಾಕ್ಯದ ಎರಡು ಖಾತೆಗಳನ್ನು ಎರಡು ವ್ಯಾಲೆಟ್ ಎಂದು ಎಣಿಸಬೇಡಿ. ಆ 12 ಅಥವಾ 24 ಪದಗಳು ಕಾಗದದ ಮೇಲಿರಲಿ, ಫೋನಿನ ಫೋಟೊದಲ್ಲಿ ಬೇಡ.

ವಿಳಾಸ ನಕಲಿಸುವಾಗಲೂ ಎಚ್ಚರ. ನೀವು ಹಿಂದೆ ಹಣ ಕಳಿಸಿದ ವಿಳಾಸದ ಮೊದಲ ಮತ್ತು ಕೊನೆಯ ಅಕ್ಷರಗಳಂತೆಯೇ ಕಾಣುವ ವಿಳಾಸ ಸೃಷ್ಟಿಸಿ, ಅಲ್ಲಿಂದ ಪುಡಿಗಾಸು ಕಳಿಸಿ ನಿಮ್ಮ ಇತಿಹಾಸದ ಪಟ್ಟಿಯಲ್ಲಿ ಕೂರುತ್ತಾರೆ. 2024ರ ಮೇನಲ್ಲಿ ಒಬ್ಬರು ಹೀಗೆ ಇತಿಹಾಸದಿಂದ ನಕಲಿಸಿ, ಎಥೀರಿಯಂನಲ್ಲಿ ಓಡಾಡುವ ಬಿಟ್‌ಕಾಯಿನ್ ರೂಪವಾದ 1,155 ರ‍್ಯಾಪ್ಡ್ ಬಿಟ್‌ಕಾಯಿನ್ ಕಳಿಸಿಬಿಟ್ಟರು. ಆಮೇಲೆ ಕದ್ದವರು ಹಿಂದಿರುಗಿಸಿದ್ದು ಅಪರೂಪದ ಅದೃಷ್ಟ. ವಿಳಾಸಗಳನ್ನು ವ್ಯಾಲೆಟ್‌ನ ಕಾಂಟ್ಯಾಕ್ಟ್ ಪಟ್ಟಿಯಲ್ಲಿ ಉಳಿಸಿ ಅಲ್ಲಿಂದಲೇ ಆರಿಸಿ.

ಒಂದು ಸ್ವಾಪ್, ಮೊದಲಿಂದ ಕೊನೆವರೆಗೆ

1. ತಾಣವನ್ನು ಬುಕ್‌ಮಾರ್ಕ್‌ನಿಂದ ತೆರೆಯಿರಿ. ಹುಡುಕಾಟದ ಮೇಲ್ಭಾಗದಲ್ಲಿ ಬರುವ ಜಾಹೀರಾತಿನಲ್ಲಿ ನಕಲಿ ಯೂನಿಸ್ವಾಪ್‌ಗಳು ಕಾಣಿಸಿಕೊಂಡದ್ದುಂಟು.
2. ವ್ಯಾಲೆಟ್‌ನಲ್ಲಿ ಜಾಲ ಸರಿಯಿದೆಯೇ ನೋಡಿ. ಚೈನ್ ಸಂಖ್ಯೆ ಎಥೀರಿಯಂಗೆ 1, ಬೇಸ್‌ಗೆ 8453, ಆರ್ಬಿಟ್ರಮ್ ಒನ್‌ಗೆ 42161.
3. ಟೋಕನನ್ನು ಹೆಸರಿನಿಂದ ಹುಡುಕಬೇಡಿ. ಹೆಸರು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಅದನ್ನು ಹೊರತಂದವರ ತಾಣದಿಂದ ಕಾಂಟ್ರಾಕ್ಟ್ ವಿಳಾಸ ತೆಗೆದು, ಟೋಕನ್‌ಗಳ ಮಾಹಿತಿ ತಾಣವಾದ ಕಾಯಿನ್‌ಗೆಕೊದ ಜತೆ ಹೋಲಿಸಿ, ಅಂಟಿಸಿ.
4. ಅದೇ ಮೊತ್ತಕ್ಕೆ ಅಗ್ರಿಗೇಟರ್‌ನ ದರವನ್ನೂ ನೋಡಿ. ಬೆಲೆ ಜಗ್ಗುವಿಕೆ 1% ದಾಟಿದರೆ ಮೊತ್ತ ಇಳಿಸಿ ಅಥವಾ ಮಾರ್ಗ ಬದಲಿಸಿ.
5. ಸ್ಲಿಪೇಜ್, ಗಡುವು ಇಡಿ. ಕನಿಷ್ಠ ಮೊತ್ತದ ಸಾಲನ್ನು ಓದಿ, ರೂಪಾಯಿಗೆ ಪರಿವರ್ತಿಸಿ ನೋಡಿ.
6. ಅಪ್ರೂವಲ್‌ಗೆ ಬೇಕಾದಷ್ಟೇ ಮೊತ್ತ ಬರೆದು ಸಹಿ ಹಾಕಿ.
7. ಮೊದಲ ಸಲದ ಟೋಕನ್ ಆದರೆ ಸಣ್ಣ ಮೊತ್ತ ಕೊಂಡು, ಅದರಲ್ಲಿ ಸ್ವಲ್ಪ ಮಾರಿ ನೋಡಿ. ಕೊಳ್ಳಲು ಬಿಟ್ಟು ಮಾರಲು ಬಿಡದ ಟೋಕನ್‌ಗಳಿವೆ. ಮಾರಾಟ ಒಮ್ಮೆ ಆಯಿತೆಂದರೆ ನಾಳೆಯೂ ಆಗುತ್ತದೆಂಬ ಖಾತರಿಯಿಲ್ಲ, ಮಾಲೀಕರು ಮಧ್ಯದಲ್ಲಿ ಬಾಗಿಲು ಹಾಕಬಹುದು.
8. ಮುಗಿದ ಮೇಲೆ ವ್ಯವಹಾರದ ಹ್ಯಾಶ್ (ಗುರುತಿನ ಸಂಖ್ಯೆ), ದಿನಾಂಕ, ಆ ಹೊತ್ತಿನ ರೂಪಾಯಿ ಮೌಲ್ಯ ಬರೆದಿಡಿ.

ನೇತಾಡುತ್ತಿರುವ ವ್ಯವಹಾರ

ಪ್ರತಿ ವ್ಯವಹಾರಕ್ಕೂ ನಾನ್ಸ್ ಎಂಬ ಕ್ರಮಸಂಖ್ಯೆ ಇದೆ. 41 ಸಿಕ್ಕಿಹಾಕಿಕೊಂಡರೆ 42, 43 ಎಲ್ಲ ಅದರ ಹಿಂದೆ ಸಾಲುಗಟ್ಟುತ್ತವೆ. ಹೊಸದನ್ನು ಕಳಿಸುತ್ತಾ ಹೋದರೆ ಸಾಲು ಬೆಳೆಯುತ್ತದೆ ಅಷ್ಟೆ. ಅದೇ 41ನೇ ಸಂಖ್ಯೆಯಲ್ಲಿ, ಟಿಪ್ ಮತ್ತು ಗರಿಷ್ಠ ಮಿತಿ ಎರಡನ್ನೂ ಕನಿಷ್ಠ 10% ಏರಿಸಿ ಮತ್ತೆ ಕಳಿಸಬೇಕು. ಒಂದನ್ನು ಮಾತ್ರ ಏರಿಸಿದರೆ ಜಾಲ ಒಪ್ಪುವುದಿಲ್ಲ. ರದ್ದು ಮಾಡುವುದಾದರೆ ಅದೇ ಸಂಖ್ಯೆಯಲ್ಲಿ ನಿಮಗೆ ನೀವೇ ಸೊನ್ನೆ ಈಥರ್ ಕಳಿಸಿಕೊಳ್ಳಿ. ಮೆಟಾಮಾಸ್ಕ್‌ನ ರದ್ದು ಗುಂಡಿ ಮಾಡುವುದೂ ಇದನ್ನೇ. ಬ್ಲಾಕ್ ಸೇರಿದ್ದನ್ನು ಯಾರಿಂದಲೂ ರದ್ದು ಮಾಡಲಾಗದು.

ತೆರಿಗೆ ಎಂಬ ಐದನೇ ಕಡಿತ

ಭಾರತದಲ್ಲಿ ತೆರಿಗೆ ಕಟ್ಟುವವರಿಗೆ ಅಗ್ಗದ ಸ್ವಾಪ್ ಅಗ್ಗವಲ್ಲದಿರಬಹುದು. 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಲಾಭಕ್ಕೆ 30% ತೆರಿಗೆ, ಅದರ ಮೇಲೆ 4% ಸೆಸ್. ಕ್ರಿಪ್ಟೊ ಕೊಟ್ಟು ಕ್ರಿಪ್ಟೊ ಪಡೆದರೂ ಅದು ವರ್ಗಾವಣೆಯೇ, ರೂಪಾಯಿ ಕೈಗೆ ಬರಬೇಕೆಂದೇನಿಲ್ಲ. ಒಂದು ಟೋಕನ್‌ನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಒಂದರಲ್ಲಿ ₹10,000 ಗಳಿಸಿ ಮತ್ತೊಂದರಲ್ಲಿ ₹10,000 ಕಳೆದುಕೊಂಡರೆ ಕೈಯಲ್ಲಿ ಉಳಿದದ್ದು ಸೊನ್ನೆ, ಕಟ್ಟಬೇಕಾದ ತೆರಿಗೆ ₹3,120. ಕೊಂಡ ಬೆಲೆಯ ಹೊರತು ಬೇರೆ ಖರ್ಚು ಕಳೆಯಲು ಕಾಯ್ದೆ ಬಿಡುವುದಿಲ್ಲ. 2022ರ ಜುಲೈ 1ರಿಂದ 1% ಟಿಡಿಎಸ್ ಕೂಡ ಇದೆ. ಡೆಕ್ಸ್‌ನಲ್ಲಿ ಅದನ್ನು ಹಿಡಿದು ಕಟ್ಟುವ ಕಂಪನಿ ಯಾವುದೂ ಇಲ್ಲವಾದ್ದರಿಂದ ನಿಮ್ಮ ಹೊಣೆ ಎಷ್ಟೆಂದು ವರ್ಷದ ಮೊದಲ ಸ್ವಾಪ್‌ಗೆ ಮುಂಚೆಯೇ ಲೆಕ್ಕಪರಿಶೋಧಕರನ್ನು ಕೇಳಿ. ಎಂಟನೇ ಹಂತದ ಆ ಪಟ್ಟಿಯನ್ನು ಅವರು ಮೊದಲು ಕೇಳುತ್ತಾರೆ.